ಗುಡ್ಡದ ಮನೆ, ಪೇಟೆಯ ಕೆಲಸ: ಹಳೆ ‘ಡರ್ಟ್ ಬೈಕ್’ ಕೊಳ್ಳುವ ಮುನ್ನ

ಕಾಸರಗೋಡು: ಬದಿಯಡ್ಕ ಪೇಟೆಯಿಂದ ಒಳಗೆ ಮೂರು ಕಿಲೋಮೀಟರ್. ಮೊದಲು ಡಾಮರು, ಆಮೇಲೆ ಕಾಂಕ್ರೀಟ್ ಹಾಕಿದ ಕಡಿದಾದ ಏರು, ಕೊನೆಗೆ ಮುರಕಲ್ಲಿನ ಬರೆ ಕಡಿದು ಮಾಡಿದ ಮಣ್ಣಿನ ದಾರಿ. ಅಲ್ಲಿ ಮನೆ. ಕೆಲಸ ಕಾಸರಗೋಡು ಪೇಟೆಯಲ್ಲಿ. ಚೆರ್ಕಳ ಮಾರ್ಗವಾಗಿ ಹೋಗಿ ಬರಲು ದಿನಕ್ಕೆ ಹತ್ತಿರ ಹತ್ತಿರ 50 ಕಿ.ಮೀ. ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಮನೆ. ಬಸ್ ತಪ್ಪಿದರೆ ಬದಿಯಡ್ಕದಿಂದ ಆಟೋ, ಆಟೋದವರು ಮಳೆಗಾಲದಲ್ಲಿ ಆ ಏರಿನ ಬುಡದಲ್ಲೇ ಇಳಿಸಿ ಹೋಗುತ್ತಾರೆ.

ಇಂಥ ಒಂದು ಮನೆಯ ಹುಡುಗನಿಗೆ ಈ ಸಲ ಬೈಕು ಬೇಕೇ ಬೇಕು ಎಂದಾಗ ಅಪ್ಪ ಬೇಡವೆನ್ನಲಿಲ್ಲ. ಅಡಿಕೆ ಮಾರಿದ ದುಡ್ಡಿನಲ್ಲಿ 90 ಸಾವಿರ ರೂಪಾಯಿ ತೆಗೆದಿಟ್ಟರು. “ಅದಕ್ಕಿಂತ ಮೇಲೆ ಒಂದು ರೂಪಾಯಿ ಇಲ್ಲ, ಸಾಲ ಮಾಡ್ಲಿಕ್ಕೂ ಇಲ್ಲ” ಎಂಬುದು ಅವರ ಮಾತು. ಹುಡುಗನ ಕಣ್ಣು ಮಾತ್ರ ಎತ್ತರದ, ಉದ್ದ ಶಾಕ್‌ನ, ಮುಂದಿನ ಚಕ್ರ ದೊಡ್ಡದಿರುವ ಬೈಕಿನ ಮೇಲೆ. ಊರಿನ ಹುಡುಗರ ಬಾಯಲ್ಲಿ ಅದು ‘ಡರ್ಟ್ ಬೈಕ್’. ಹೊಸತು ಕೈಗೆಟಕದು. ಹಾಗಾಗಿ ಸೆಕೆಂಡ್ ಹ್ಯಾಂಡ್.

ಗಡಿನಾಡಿನ ಹಲವು ಮನೆಗಳಲ್ಲಿ ನಡೆಯುವ ಮಾತುಕತೆಯೇ ಇದು. ದಾರಿ ಮಣ್ಣಿನದು, ಕೆಲಸ ಪೇಟೆಯದು, ಮಾರುಕಟ್ಟೆ ಮಂಗಳೂರು, ಪುತ್ತೂರಿನದು, ನಂಬರು ಮಾತ್ರ ಕೇರಳದ್ದಾಗಬೇಕು. ಈ ನಾಲ್ಕೂ ಕೂಡಿ ಬರದಿದ್ದರೆ ಕೊಟ್ಟ ದುಡ್ಡು ಅಂಗಳದಲ್ಲಿ ತುಕ್ಕು ಹಿಡಿಯುತ್ತದೆ.

ಹೆಸರು ಒಂದೇ, ಬೈಕು ಎರಡು ತರ

ಮೊದಲು ತಿಳಿಯಬೇಕಾದ್ದು ಇದು. ನಿಜವಾದ ಡರ್ಟ್ ಬೈಕ್ ಎಂದರೆ ಸ್ಪರ್ಧೆಯ ಟ್ರ್ಯಾಕಿಗಾಗಿ ಮಾಡಿದ್ದು. ಕವಾಸಕಿಯ ಕೆಎಲ್‌ಎಕ್ಸ್ 110, ಕೆಎಲ್‌ಎಕ್ಸ್ 140, ಕೆಎಕ್ಸ್ ಸಾಲಿನ ಬೈಕುಗಳು ಭಾರತದಲ್ಲಿ ಮಾರಾಟವಾದದ್ದು ಹಾಗೆಯೇ. ಅವಕ್ಕೆ ನೋಂದಣಿ ಇಲ್ಲ, ನಂಬರ್ ಪ್ಲೇಟ್ ಇಲ್ಲ, ರಸ್ತೆಗೆ ಬೇಕಾದ ದೀಪ, ಇಂಡಿಕೇಟರ್ ಇಲ್ಲ. ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಪ್ರಕಾರ ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲ. ಪಂಚಾಯತು ರಸ್ತೆಯೂ ಸಾರ್ವಜನಿಕ ರಸ್ತೆಯೇ.

ನಮ್ಮ ಹುಡುಗನಿಗೆ ಮೊದಲು ಸಿಕ್ಕಿದ್ದು ಇದೇ ಜಾತಿಯದ್ದು. ಮಂಗಳೂರಿನ ಒಬ್ಬ ಬ್ರೋಕರ್ 70 ಸಾವಿರ ಹೇಳಿದ. “ಪೇಪರ್ ಎಲ್ಲ ಆಮೇಲೆ ಮಾಡ್ಲಿಕ್ಕೆ ಆಗ್ತದೆ ಬ್ರೋ, ನನಗೆ ಆಫೀಸಲ್ಲಿ ಜನ ಉಂಟು” ಎಂದ. ಆಗುವುದಿಲ್ಲ. ರಸ್ತೆಗೆ ಯೋಗ್ಯವೆಂದು ಅನುಮೋದನೆಯೇ ಪಡೆಯದ ಮಾದರಿಗೆ ಯಾವ ಆಫೀಸಿನಲ್ಲಿ ಯಾರಿದ್ದರೂ ನಂಬರು ಸಿಗದು. ವಿಮೆಯೂ ಸಿಗದು.

ಎರಡನೆಯ ತರದ್ದು ಎರಡೂ ಕಡೆ ಸಲ್ಲುವಂಥದ್ದು. ನೋಂದಣಿಯಾಗಿ, ದೀಪ, ಹಾರ್ನ್, ಕನ್ನಡಿ ಎಲ್ಲ ಇದ್ದು, ಮಣ್ಣಿನ ದಾರಿಗೂ ಒಗ್ಗುವ ಬೈಕು. ಹಳೆ ಮಾರುಕಟ್ಟೆಯಲ್ಲಿ ಈ ತರದ ಮುಖ್ಯ ಹೆಸರುಗಳು ಮೂರು.

ಮೊದಲನೆಯದು ಹೀರೋ ಇಂಪಲ್ಸ್. 2011ರಲ್ಲಿ ಬಂದ 150 ಸಿಸಿ ಬೈಕು. ತೂಕ 134 ಕಿಲೋ. ಹಗುರ, ಸರಳ. ಆದರೆ ತಯಾರಿ ನಿಂತು ವರ್ಷಗಳಾದವು. ಮೊದಮೊದಲ ಬೈಕುಗಳಿಗೆ ಈಗ 15 ವರ್ಷದ ನೋಂದಣಿ ಅವಧಿಯೇ ಮುಗಿಯುವ ಹೊತ್ತು. ಅವಧಿ ಮುಗಿದರೆ ತಪಾಸಣೆ ಮಾಡಿಸಿ, ಶುಲ್ಕ ಕಟ್ಟಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ದರ ಕಡಿಮೆ ಎಂದು ಹಿಗ್ಗುವ ಮೊದಲು ಆರ್‌ಸಿಯಲ್ಲಿ ಆ ತಾರೀಕು ನೋಡಬೇಕು.

ಎರಡನೆಯದು ಹೀರೋ ಎಕ್ಸ್‌ಪಲ್ಸ್ 200. 2019ರ ಮೇ ತಿಂಗಳಲ್ಲಿ ಬಂತು. ಆಗ ಕಾರ್ಬ್ಯುರೇಟರ್ ಇದ್ದದ್ದು, ಫ್ಯೂಯಲ್ ಇಂಜೆಕ್ಷನ್ ಇದ್ದದ್ದು ಎರಡೂ ಇತ್ತು. 199.6 ಸಿಸಿ ಇಂಜಿನ್, ತೂಕ 154 ಕಿಲೋ, ನೆಲದಿಂದ 220 ಮಿ.ಮೀ. ಎತ್ತರ. ಮುಂದಿನ ಚಕ್ರ 21 ಇಂಚು, ಹಿಂದಿನದು 18. 2020ರಲ್ಲಿ ಬಿಎಸ್-6 ಬಂದಾಗ ಆಯಿಲ್ ಕೂಲರ್ ಸೇರಿತು, 2021ರಲ್ಲಿ ನಾಲ್ಕು ವಾಲ್ವಿನ ಇಂಜಿನ್ ಬಂತು.

ಮೂರನೆಯದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿಸಿಯ ಹಳೆ ಮಾದರಿ. 2016ರಲ್ಲಿ ಬಂದದ್ದು. 180 ಕಿಲೋಗೂ ಮೇಲೆ ಭಾರ. ದೂರದ ಪಯಣಕ್ಕೆ ಗಟ್ಟಿ. ಆದರೆ ತಾಯಲಂಗಡಿಯ ಗಲ್ಲಿಯಲ್ಲಿ ತಿರುಗಿಸಿ ನಿಲ್ಲಿಸುವಾಗ, ಮಣ್ಣಿನ ಏರಿನಲ್ಲಿ ಜಾರಿ ಮಲಗಿದ್ದನ್ನು ಒಬ್ಬನೇ ಎತ್ತುವಾಗ ಆ ಭಾರ ಗೊತ್ತಾಗುತ್ತದೆ.

ದಿನನಿತ್ಯದ ಓಡಾಟಕ್ಕೆ, ಒಬ್ಬನ ಸಂಬಳಕ್ಕೆ, ಈ ದಾರಿಗೆ ಮಧ್ಯದ್ದೇ ವಾಸಿ ಎಂದು ಹುಡುಗ ತೀರ್ಮಾನಿಸಿದ. ಅಪ್ಪ ಕೇಳಿದ್ದು ಬೇರೆಯೇ ಪ್ರಶ್ನೆ: “ಸಾದಾ ಬೈಕಿನಲ್ಲಿ ಎಂತ ಆಗ್ತದೆ ಮಗ?”

ಪೇಟೆಗೆ ನಿಜಕ್ಕೂ ಬೇಕೇ?

ಅಪ್ಪನ ಪ್ರಶ್ನೆ ನ್ಯಾಯದ್ದೇ. ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. ದಿನಕ್ಕೆ 50 ಕಿ.ಮೀ., ತಿಂಗಳಿಗೆ 25 ದಿನ ಎಂದರೆ 1,250 ಕಿ.ಮೀ. ಲೀಟರಿಗೆ 60 ಕಿ.ಮೀ. ಕೊಡುವ 100 ಸಿಸಿ ಬೈಕಿಗೆ ತಿಂಗಳಿಗೆ 21 ಲೀಟರ್ ಪೆಟ್ರೋಲು ಸಾಕು. 40 ಕಿ.ಮೀ. ಕೊಡುವ 200 ಸಿಸಿ ಬೈಕಿಗೆ 31 ಲೀಟರ್ ಬೇಕು. ಲೀಟರಿಗೆ 105 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಸಾವಿರ ರೂಪಾಯಿಗೂ ಮಿಕ್ಕಿ ವ್ಯತ್ಯಾಸ. ವರ್ಷಕ್ಕೆ 12 ಸಾವಿರದ ಮೇಲೆ. ಇದರ ಮೇಲೆ ಟಯರು, ಚೈನ್ ಸ್ಪ್ರಾಕೆಟ್ ಎಲ್ಲದಕ್ಕೂ ಸ್ವಲ್ಪ ಜಾಸ್ತಿ.

ಸಿಗುವ ಲಾಭವೂ ಸುಳ್ಳಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ಇದು. ಜೂನಿನಲ್ಲಿ ಡಾಮರಿನ ಅಂಚು ಕೊಚ್ಚಿ ಹೋದರೆ ನವರಾತ್ರಿ ಕಳೆದರೂ ಹಾಗೆಯೇ ಇರುತ್ತದೆ. ಎಕ್ಸ್‌ಪಲ್ಸ್‌ನ ಮುಂದಿನ ಫೋರ್ಕ್ 190 ಮಿ.ಮೀ., ಹಿಂದಿನ ಶಾಕ್ 170 ಮಿ.ಮೀ. ಆಡುತ್ತದೆ. 21 ಇಂಚಿನ ಚಕ್ರ ಹೊಂಡದಲ್ಲಿ ಬೀಳದೆ ಉರುಳಿ ಹೋಗುತ್ತದೆ. ನೀರು ತುಂಬಿ ಆಳ ಕಾಣದ ಹೊಂಡದಲ್ಲಿ ಹ್ಯಾಂಡಲ್ ಕೈ ತಪ್ಪದಿರುವುದು ದೊಡ್ಡ ಮಾತು. ಬೆನ್ನು ನೋವಿನವರಿಗೂ ಇದು ಗೊತ್ತು.

ಮನೆ ತನಕ ಕಾಂಕ್ರೀಟು ರಸ್ತೆ ಇರುವವನು, ವಿದ್ಯಾನಗರದಲ್ಲೇ ಬಾಡಿಗೆಗಿರುವವನು ಇಂಥ ಬೈಕು ಕೊಂಡರೆ ಅದು ಶೋಕಿ. ದಿನಾ ಎರಡು ಹೊತ್ತು ಮಣ್ಣು ತುಳಿಯುವವನು ಕೊಂಡರೆ ಅದು ಅಗತ್ಯ. ಈ ಎರಡರಲ್ಲಿ ತಾನು ಯಾವುದು ಎಂದು ಕೊಳ್ಳುವವನೇ ಕೇಳಿಕೊಳ್ಳಬೇಕು.

ಕೂತು ನೋಡಿ, ಅಮ್ಮನನ್ನೂ ಕೂರಿಸಿ ನೋಡಿ

ಎಕ್ಸ್‌ಪಲ್ಸ್‌ನ ಸೀಟಿನ ಎತ್ತರ 823 ಮಿ.ಮೀ. ಇಂಪಲ್ಸ್‌ನದ್ದು 840. ಮನೆಮನೆಯಲ್ಲಿರುವ ಸಾದಾ ಬೈಕುಗಳದ್ದು 800ರ ಒಳಗೆ. ನಾಲ್ಕು ಬೆರಳಿನ ವ್ಯತ್ಯಾಸವೂ ಇಲ್ಲ ಎನಿಸಬಹುದು. ಚೆರ್ಕಳ ಸರ್ಕಲ್‌ನಲ್ಲಿ ಬಸ್ಸಿನ ಹಿಂದೆ ನಿಂತು ನಿಂತು ಸಾಗುವಾಗ, ಇಳಿಜಾರಿನಲ್ಲಿ ಒಂದು ಕಾಲು ಊರುವಾಗ ಅದು ತಿಳಿಯುತ್ತದೆ. ಎರಡೂ ಕಾಲಿನ ಮುಂಗಾಲಾದರೂ ನೆಲ ಮುಟ್ಟಬೇಕು. ಒದ್ದೆ ರಸ್ತೆಯಲ್ಲಿ ಒಂದು ಕಾಲು ಜಾರಿದರೆ ಇನ್ನೊಂದಕ್ಕೆ ಆಧಾರ ಬೇಕಲ್ಲ.

ಬೈಕು ಮನೆಗೆ ಬಂದ ಮೇಲೆ ಒಬ್ಬನದ್ದಾಗಿ ಉಳಿಯುವುದಿಲ್ಲ. ಅಮ್ಮನನ್ನು ಆಸ್ಪತ್ರೆಗೆ, ತಂಗಿಯನ್ನು ಕಾಲೇಜಿಗೆ ಬಿಡಬೇಕು. ಸೀರೆ ಉಟ್ಟವರು ಎತ್ತರದ ಸೀಟಿಗೆ ಹತ್ತುವುದು ಸುಲಭವಲ್ಲ. ಹಿಂದಿನವರಿಗೆ ಹಿಡಿ, ಕಾಲಿಡುವ ಜಾಗ, ಬಟ್ಟೆ ಚಕ್ರಕ್ಕೆ ಸಿಲುಕದಂತೆ ತಡೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಹುಡುಗರು ಕೈಯಾಡಿಸಿದ ಬೈಕುಗಳಲ್ಲಿ ಮೊದಲು ಮಾಯವಾಗುವುದೇ ಈ ಸೀರೆ ಗಾರ್ಡ್. ಇಲ್ಲದಿದ್ದರೆ ಹಾಕಿಸಿದ ಮೇಲೆಯೇ ಹೆಂಗಸರನ್ನು ಕೂರಿಸಬೇಕು.

ಗ್ಯಾರೇಜಿನ ಕಣ್ಣು

ಬೈಕು ನೋಡಲು ಹೋಗುವಾಗ ಹುಡುಗ ಊರಿನ ಮೆಕ್ಯಾನಿಕ್‌ನನ್ನು ಜತೆಗೆ ಕರೆದುಕೊಂಡ. ಒಂದು ದಿನದ ಕೂಲಿ, ಊಟ, ಬಸ್ಸಿನ ದುಡ್ಡು. ಇಡೀ ವ್ಯವಹಾರದಲ್ಲಿ ಅತಿ ಸದುಪಯೋಗವಾದ ಖರ್ಚು ಅದು.

“ಅಣ್ಣ, ಪೈಂಟ್ ಎಲ್ಲ ಹೊಸತರ ಹಾಗೆ ಉಂಟಲ್ಲ?” ಎಂದ ಹುಡುಗ.

“ಪೈಂಟ್ ಆಮೇಲೆ ನೋಡುವ ಮಾರಾಯ, ಮೊದಲು ಅಡಿಗೆ ಬಗ್ಗು” ಎಂದ ಮೆಕ್ಯಾನಿಕ್.

ಮಣ್ಣಿನಲ್ಲಿ ಕುಣಿದ ಬೈಕಿನ ಜಾತಕ ಇರುವುದು ಅಡಿಯಲ್ಲಿ. ಇಂಜಿನಿನ ಕೆಳಗಿನ ರಕ್ಷಣಾ ತಗಡು ನಜ್ಜುಗುಜ್ಜಾಗಿದೆಯೇ, ಫ್ರೇಮಿನಲ್ಲಿ ಎಲ್ಲಾದರೂ ಹೊಸದಾಗಿ ವೆಲ್ಡಿಂಗ್ ಮಾಡಿ ಬಣ್ಣ ಬಳಿದಿದ್ದಾರೆಯೇ ನೋಡಬೇಕು. ವೆಲ್ಡಿಂಗ್ ಕಂಡರೆ ಮಾತು ಅಲ್ಲಿಗೇ ಮುಗಿಯಿತು. ಪುಟ್‌ರೆಸ್ಟ್, ಬ್ರೇಕ್ ಲಿವರ್, ಹ್ಯಾಂಡಲ್ ತುದಿ ತಿಕ್ಕಿದ್ದರೆ ಬೈಕು ಬಿದ್ದಿದೆ ಎಂದರ್ಥ. ಒಂದೆರಡು ಸಲ ಬಿದ್ದದ್ದು ದೋಷವಲ್ಲ, ಮುಚ್ಚಿಟ್ಟದ್ದು ದೋಷ.

ಮುಂದಿನ ಫೋರ್ಕನ್ನು ನಾಲ್ಕಾರು ಸಲ ಒತ್ತಿ ಬಿಡಬೇಕು. ಪೈಪಿನ ಮೇಲೆ ಎಣ್ಣೆಯ ಉಂಗುರ ಮೂಡಿದರೆ ಸೀಲ್ ಹೋಗಿದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಂತೆ ಆದರೆ ಕೋನ್ ಸೆಟ್ ಸವೆದಿದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬೇರಿಂಗಿನ ಸ್ಥಿತಿ ಗೊತ್ತಾಗುತ್ತದೆ. ಹಿಂದಿನ ಚಕ್ರವನ್ನು ಹಾಗೇ ಅಡ್ಡಕ್ಕೆ ಎಳೆದರೆ ಸ್ವಿಂಗ್ ಆರ್ಮ್ ಬುಷ್ ಸವೆತ ಕೈಗೆ ಸಿಗುತ್ತದೆ. ಕಡ್ಡಿಗಳ ಮೇಲೆ ಸ್ಪ್ಯಾನರ್ ಆಡಿಸಬೇಕು. ಬಿಗಿಯಾದ ಸ್ಪೋಕ್ ಠಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ.

ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು. ಕೊಳ್ಳುವವರು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಏರು ಹತ್ತಿಸುವಾಗ ಇಂಜಿನ್ ಕೂಗಿದರೂ ವೇಗ ಬಾರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುವುದೂ ಒಳ್ಳೆಯದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ. ಅದು ನೀರು ಹೀರುವಂಥದ್ದು. ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕಿನಲ್ಲಿ ತುಕ್ಕು, ಹಳೆಯ ಕಾರ್ಬ್ಯುರೇಟರ್ ಬೈಕಿನ ರಬ್ಬರ್ ಪೈಪಿನಲ್ಲಿ ಬಿರುಕು ಇದೆಯೇ ಎಂದು ನೋಡಬೇಕು.

ಟಯರಿನ ವಿಷಯ ಬೇರೆ. ದೊಡ್ಡ ದೊಡ್ಡ ಗುಬುಟಿನ ಟಯರು ನೋಡಲು ಚಂದ, ಕೆಸರಿಗೆ ಒಳ್ಳೆಯದು. ಒದ್ದೆ ಡಾಮರಿನಲ್ಲಿ ಅದರ ಹಿಡಿತ ಕಡಿಮೆ, ಬ್ರೇಕ್ ಹಾಕಿದರೆ ಬೈಕು ಮುಂದಕ್ಕೆ ಹೋಗಿ ನಿಲ್ಲುತ್ತದೆ, ಸವೆಯುವುದೂ ಬೇಗ. ದಿನದ 50 ಕಿ.ಮೀ.ಯಲ್ಲಿ 46 ಡಾಮರೇ ಆಗಿರುವವನಿಗೆ ಎರಡಕ್ಕೂ ಆಗುವ ಮಧ್ಯಮ ಟಯರೇ ಸರಿ. ಇನ್ನೊಂದು ತೊಂದರೆ ಉಂಟು. ಕಡ್ಡಿ ಚಕ್ರದ ಈ ಬೈಕುಗಳಲ್ಲಿ ಟ್ಯೂಬ್ ಇರುತ್ತದೆ. ಪಂಕ್ಚರ್ ಆದರೆ ಟ್ಯೂಬ್‌ಲೆಸ್‌ನ ಹಾಗೆ ಎರಡು ನಿಮಿಷದ ಕೆಲಸವಲ್ಲ, ಚಕ್ರ ಬಿಚ್ಚಲೇಬೇಕು. ಒಂದು ಟ್ಯೂಬು, ಬಿಚ್ಚುವ ಸ್ಪ್ಯಾನರು ಚೀಲದಲ್ಲಿ ಇಟ್ಟುಕೊಳ್ಳುವುದು ಅಭ್ಯಾಸವಾಗಬೇಕು.

ಗಡಿ ದಾಟುವ ಕಾಗದ

ಹುಡುಗನಿಗೆ ಎರಡನೆಯದಾಗಿ ಸಿಕ್ಕಿದ್ದು ಬೆಂಗಳೂರಿನ ನಂಬರಿನ ಎಕ್ಸ್‌ಪಲ್ಸ್. 78 ಸಾವಿರ. ಮೆಕ್ಯಾನಿಕ್‌ನ ಕಣ್ಣಿಗೂ ಪಾಸಾಯಿತು. ಆದರೆ ಪರಿವಾಹನ್ ಜಾಲದಲ್ಲಿ ನಂಬರು ಹಾಕಿ ನೋಡಿದಾಗ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಹಾಗೇ ಇತ್ತು. ಜತೆಗೆ ಕಟ್ಟದೆ ಬಿಟ್ಟ ಟ್ರಾಫಿಕ್ ದಂಡಗಳ ಸಾಲು.

ಕರ್ನಾಟಕದ ಬೈಕನ್ನು ಕೇರಳಕ್ಕೆ ತರುವುದು ಅಪರಾಧವಲ್ಲ, ದುಬಾರಿಯೂ ಆಗಬೇಕಿಲ್ಲ. ಆದರೆ ಅದಕ್ಕೊಂದು ಕ್ರಮ ಇದೆ. ಮೊದಲು ಬ್ಯಾಂಕಿನ ಸಾಲ ತೀರಿದ್ದಕ್ಕೆ ಪತ್ರ ಮತ್ತು ಫಾರಂ 35. ದಂಡ ಬಾಕಿ ಇದ್ದರೆ ಮಾರುವವರೇ ಕಟ್ಟಿ ರಶೀದಿ ಕೊಡಬೇಕು. ಆಮೇಲೆ ಮೂಲ ಆರ್‌ಟಿಒ ಕಚೇರಿಯಿಂದ ಫಾರಂ 28ರಲ್ಲಿ ಎನ್‌ಒಸಿ. ಅದರಲ್ಲಿ ಕಾಸರಗೋಡು ಕಚೇರಿಯ ಹೆಸರೇ ಇರಬೇಕು. ಮಾಲಕತ್ವ ಬದಲಾವಣೆಗೆ ಫಾರಂ 29 ಮತ್ತು 30. ಇಷ್ಟಾದ ಮೇಲೆ ವಿದ್ಯಾನಗರದ ಕಚೇರಿಯಲ್ಲಿ ಫಾರಂ 27 ಹಾಕಿ, ಉಳಿದ ವರ್ಷಗಳಿಗೆ ಕೇರಳದ ತೆರಿಗೆ ಕಟ್ಟಿ, ಬೈಕು ತೋರಿಸಿದರೆ ಕೆಎಲ್-14 ನಂಬರು. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಪಾಲಿಗೆ ಅಲ್ಲಿ ಬೇರೆಯೇ ಅರ್ಜಿ ಹಾಕಬೇಕು.

ಹೀಗಾಗಿ 78 ಸಾವಿರದ ಬೈಕು 78 ಸಾವಿರಕ್ಕೆ ಮುಗಿಯುವುದಿಲ್ಲ. ಕೇರಳದ ತೆರಿಗೆ, ಬೆಂಗಳೂರಿಗೆ ಓಡಾಟ, ಕೆಲಸ ಬಿಟ್ಟ ದಿನಗಳು ಎಲ್ಲ ಸೇರಿಸಿ ನೋಡಬೇಕು. ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಲೇಬಾರದು.

ಮಾವನ ಹೆಸರಿನ ಬೈಕು

“ಪುತ್ತೂರಿನ ಮಾವನ ಹೆಸರಲ್ಲೇ ಮಾಡುವ, ನಂಬರು ಚೇಂಜ್ ಯಾಕೆ?” ಇದು ಗಡಿಯ ಈಚೆಗಿನ ಹಲವು ಮನೆಗಳಲ್ಲಿ ಕೇಳಿಬರುವ ಮಾತು. ಸುಲಭದ ದಾರಿ ಹೌದು. ಅಪಾಯ ಇರುವುದೂ ಅಲ್ಲೇ.

ಕಾಯ್ದೆಯ 47ನೇ ಕಲಂ ಪ್ರಕಾರ ಬೇರೆ ರಾಜ್ಯದ ವಾಹನ ಇಲ್ಲಿ 12 ತಿಂಗಳು ಮೀರಿ ಉಳಿದರೆ ಇಲ್ಲಿನ ನಂಬರು ಮಾಡಿಸಬೇಕು. ಅದು ದಂಡದ ಮಾತು, ಕಟ್ಟಿ ಮುಗಿಸಬಹುದು. ದೊಡ್ಡ ಮಾತು ಅಪಘಾತದ್ದು. ಮಾಲಕ-ಚಾಲಕನಿಗೆ ಸಿಗುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ ಮಾಲಕನಿಗೆ. ಮಾವನ ಹೆಸರಿನ ಬೈಕಿನಲ್ಲಿ ಅಳಿಯ ಬಿದ್ದರೆ ಆ ಹಣ ಸಿಗದು. ಇನ್ನೊಬ್ಬರಿಗೆ ಬೈಕು ತಾಗಿ, ವಿಮೆ ಇಲ್ಲದಿದ್ದರೆ ಪರಿಹಾರದ ಹೊರೆ ಬೀಳುವುದು ಹೆಸರಿರುವ ಮಾವನ ಮೇಲೆ. ಬೈಕನ್ನು ಕಣ್ಣಲ್ಲೂ ಕಾಣದವರ ಮನೆಗೆ ನೋಟೀಸು ಬರುತ್ತದೆ.

ಮಾರಿದವರೂ ಇದನ್ನು ತಿಳಿದಿರಬೇಕು. ಬೈಕು ಕೊಟ್ಟಾಯಿತು, ದುಡ್ಡು ಬಂದಾಯಿತು ಎಂದು ಕೈತೊಳೆಯುವಂತಿಲ್ಲ. ಹೆಸರು ಬದಲಾಗದಿದ್ದರೆ ಕಾನೂನಿನ ಕಣ್ಣಿಗೆ ನೋಂದಾಯಿತ ಮಾಲಕನೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನದೊಳಗೆ, ಹೊರರಾಜ್ಯಕ್ಕಾದರೆ 45 ದಿನದೊಳಗೆ ಕಚೇರಿಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಲು ಕೊಂಡವರು 14 ದಿನದೊಳಗೆ ಅರ್ಜಿ ಕೊಡಬೇಕು.

ಇಲ್ಲಿಯ ಕನ್ನಡದ ಮನೆಗಳಿಗೆ ಇನ್ನೊಂದು ಮಾತು. ಕರಾರು ಪತ್ರ ಕೆಲವೊಮ್ಮೆ ಮಲಯಾಳದಲ್ಲಿರುತ್ತದೆ. ಮಾತಾಡಲು ಬಂದರೂ ಓದಲು ಬಾರದ ಹಿರಿಯರು “ಆಯ್ತು ಆಯ್ತು” ಎಂದು ಸಹಿ ಹಾಕುತ್ತಾರೆ. ಓದಿ ಹೇಳುವವರು ಸಿಗುವ ತನಕ ಪೆನ್ನು ಮುಟ್ಟಬೇಡಿ. ಪತ್ರದಲ್ಲಿ ಬೈಕು ಕೈಬದಲಾದ ತಾರೀಕಿನ ಜತೆ ಗಂಟೆಯೂ ಇರಲಿ. ಅದಕ್ಕೆ ಮೊದಲಿನ ದಂಡ ಮಾರಿದವರದ್ದು, ನಂತರದ್ದು ಕೊಂಡವರದ್ದು.

ಕೈಯಾಡಿಸಿದ ಬೈಕು ಬೇಡ

ಹಳೆ ಆರ್‌ಎಕ್ಸ್ 100ಕ್ಕೆ ಗುಬುಟು ಟಯರು ಹಾಕಿ, ಮಡ್‌ಗಾರ್ಡ್ ಕತ್ತರಿಸಿ, ಸೈಲೆನ್ಸರ್ ಬದಲಿಸಿ ‘ಡರ್ಟ್ ಬೈಕ್’ ಎಂದು ಮಾರುವವರೂ ಇದ್ದಾರೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಕೇರಳದ್ದೇ ಪ್ರಕರಣದಲ್ಲಿ. ಇಲ್ಲಿನ ಮೋಟಾರು ವಾಹನ ಇಲಾಖೆ ಈ ವಿಷಯದಲ್ಲಿ ಬಿಗಿ. 2023ರ ಜೂನಿನಿಂದ ರಸ್ತೆ ಬದಿಯ ಎಐ ಕ್ಯಾಮರಾಗಳೂ ದಂಡ ಹಾಕುತ್ತಿವೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಬೈಕಿಗೆ ಇಟ್ಟ ದುಡ್ಡಿನಲ್ಲೇ ಎರಡು ಐಎಸ್‌ಐ ಹೆಲ್ಮೆಟಿನ ಹಣ ಮೊದಲೇ ತೆಗೆದಿಡುವುದು ಜಾಣತನ.

18 ತುಂಬದ, ಲೈಸೆನ್ಸ್ ಇಲ್ಲದ ತಮ್ಮನ ಕೈಗೆ ‘ಒಂದು ರೌಂಡ್’ ಕೊಡುವುದಂತೂ ಬೇಡವೇ ಬೇಡ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ಸಿಕ್ಕಿಬಿದ್ದರೆ ಹೆತ್ತವರಿಗೆ ಅಥವಾ ವಾಹನದ ಮಾಲಕನಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು, ಬೈಕಿನ ನೋಂದಣಿ ಒಂದು ವರ್ಷ ರದ್ದು.

ಕೊನೆಗೆ ಬಂದದ್ದು

ಮೂರನೆಯದು ಕುಂಬಳೆ ಕಡೆಯ ಒಬ್ಬ ಮಾಸ್ಟ್ರದ್ದು. ಕೆಎಲ್-14 ನಂಬರು, ಒಬ್ಬರೇ ಮಾಲಕರು, ಸರ್ವಿಸ್ ಮಾಡಿಸಿದ ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿ. ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಹಿಂದಿನ ಟಯರು ಮುಗಿದಿತ್ತು. ಬೆಲೆ 86 ಸಾವಿರ.

“ಮಾಸ್ಟ್ರೆ, ಟಯರಿಗೆ ಅಂತ ಸ್ವಲ್ಪ ಬಿಡಿ” ಎಂದರು ಅಪ್ಪ.

“ಬಿಡುವ, ಆದ್ರೆ ಹೆಸರು ಚೇಂಜ್ ಆಗದೆ ಬೈಕು ಗೇಟು ದಾಟ್ಲಿಕ್ಕಿಲ್ಲ” ಎಂದರು ಮಾಸ್ಟ್ರು.

ಅಪ್ಪನಿಗೆ ಹಿಡಿಸಿದ್ದು ಆ ಮಾತೇ. 82 ಸಾವಿರಕ್ಕೆ ಮಾತು ಮುಗಿಯಿತು. ಮುಂಗಡ ಕೊಟ್ಟು, ಅರ್ಜಿ ಹಾಕಿ, ಚಾಸಿಸ್ ನಂಬರನ್ನು ಆರ್‌ಸಿ ಜತೆ ಅಕ್ಷರ ಅಕ್ಷರ ಹೋಲಿಸಿ ಬಂದರು. ಹೆಸರು ಬದಲಾದ ಮೇಲೆ ಬಾಕಿ ಕೊಟ್ಟು ಬೈಕು ತಂದರು. ಉಳಿದ ಎಂಟು ಸಾವಿರದಲ್ಲಿ ಟಯರು, ಸೀರೆ ಗಾರ್ಡ್, ಎರಡು ಹೆಲ್ಮೆಟ್.

ಹೊಳೆಯುವ ಎರಡು ಬೈಕು ಬಿಟ್ಟು ಮಾಸಿದ್ದನ್ನು ತಂದನಲ್ಲ ಎಂದು ನೆಂಟರಲ್ಲಿ ಕೆಲವರು ನಕ್ಕರು. ಮನೆಗೆ ಬಂದ ಮರುದಿನ ಮಳೆ. ಸಂಜೆ ಏಳೂವರೆಗೆ ಮುರಕಲ್ಲಿನ ಏರಿನಲ್ಲಿ ಹೆಡ್‌ಲೈಟ್ ಕಂಡಿತು. ಅಮ್ಮ ಆ ದಿನ ಬಸ್ಸಿನ ಹೊತ್ತು ನೋಡಲು ಗಡಿಯಾರದ ಕಡೆ ಹೋಗಲಿಲ್ಲ. ಬಚ್ಚಲಿನ ಹಂಡೆಗೆ ಬೆಂಕಿ ಹಾಕಲು ಹೋದರು.